ಹೃದಯದ ಕಿಣ್ವಕ್ಕೂ ಅಣಬೆಗೂ ನಂಟು ನಿಜ. ಡಬ್ಬಿ ಖರೀದಿಸುವ ಮುನ್ನ ಇಷ್ಟು ತಿಳಿದಿರಲಿ

ಮುಂಬಯಿ: ಮಹಾನಗರ ಮತ್ತು ಉಪನಗರಗಳ ತುಳು-ಕನ್ನಡಿಗರ ಮನೆಗಳಿಗೆ ಅಣಬೆ ಈಗ ಎರಡು ದಾರಿಗಳಿಂದ ಬರುತ್ತಿದೆ. ಒಂದು, ತರಕಾರಿ ಮಾರುಕಟ್ಟೆಯಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಇನ್ನೊಂದು, ಪರಿಚಯಸ್ಥರ ಕೈಚೀಲದಿಂದ ಕ್ಯಾಪ್ಸೂಲ್ ಡಬ್ಬಿಯಾಗಿ ಇಲ್ಲವೇ ಕಾಫಿ ಪುಡಿಯಾಗಿ. ಮೊದಲನೆಯದು ಪಲ್ಯ, ಗಸಿಯಾಗಿ ಮುಗಿದುಹೋಗುತ್ತದೆ. ಎರಡನೆಯದು ಬಿ.ಪಿ., ಶುಗರ್, ಕೊಲೆಸ್ಟರಾಲ್ ಮಾತ್ರೆಗಳ ಪಕ್ಕದಲ್ಲಿ ಜಾಗ ಹಿಡಿಯುತ್ತದೆ. ಕೆಲವೊಮ್ಮೆ ಆ ಮಾತ್ರೆಗಳ ಜಾಗವನ್ನೇ ಕಿತ್ತುಕೊಳ್ಳುತ್ತದೆ.

"ಅಣ್ಣಾ, ಈ ಇಂಗ್ಲಿಷ್ ಮದ್ದನ್ನು ಇನ್ನೆಷ್ಟು ವರ್ಷ ನುಂಗುತ್ತೀರಿ? ಇದು ಅಣಬೆ, ಪೂರ್ತಿ ನೈಸರ್ಗಿಕ, ಹೃದಯದ ಎಂಜೈಮನ್ನೇ ಸರಿಮಾಡುತ್ತದೆ" ಎಂಬ ಧಾಟಿಯ ಮಾತು ಮದುವೆ ಮಂಟಪದಲ್ಲಿ, ಕಟ್ಟಡದ ಮೆಟ್ಟಿಲಲ್ಲಿ, ಲೋಕಲ್ ರೈಲಿನಲ್ಲಿ ಕಿವಿಗೆ ಬೀಳದವರು ಕಡಿಮೆ. ಹೇಳುವವರು ಹೊರಗಿನವರಲ್ಲ, ನೆಂಟರು, ಊರಿನವರು, ಸಂಘದಲ್ಲಿ ಜತೆಗೆ ದುಡಿದವರು. ಹಾಗಾಗಿ ಸುಲಭವಾಗಿ ಅಲ್ಲಗಳೆಯಲೂ ಆಗುವುದಿಲ್ಲ.

ಅಣಬೆಯಲ್ಲಿರುವ ವಸ್ತುಗಳು ಹೃದಯಕ್ಕೆ ಸಂಬಂಧಿಸಿದ ಕಿಣ್ವಗಳ ಮೇಲೆ ಪ್ರಭಾವ ಬೀರುತ್ತವೆ ಎಂಬುದು ಪೂರ್ತಿ ಸುಳ್ಳೂ ಅಲ್ಲ. ಅದರ ಹಿಂದೆ ಅರ್ಧ ಶತಮಾನದ ವಿಜ್ಞಾನವಿದೆ, ಬೆಂಗಳೂರಿಗೂ ಅದರಲ್ಲಿ ಪಾಲಿದೆ. ಆದರೆ ಆ ವಿಜ್ಞಾನ ಹೇಳುವುದಕ್ಕೂ ಡಬ್ಬಿ ಮಾರುವವರು ಹೇಳುವುದಕ್ಕೂ ಇರುವ ಅಂತರವನ್ನು ತಿಳಿದುಕೊಳ್ಳುವುದು ಜೀವದ ಪ್ರಶ್ನೆಯೇ ಆಗಿದೆ.

ಎರಡು ಬಗೆಯ ಕಿಣ್ವಗಳು

ಕಿಣ್ವ ಅಥವಾ ಎಂಜೈಮ್ ಎಂದರೆ ದೇಹದೊಳಗಿನ ರಾಸಾಯನಿಕ ಕೆಲಸವನ್ನು ಬೇಗನೆ ನಡೆಸಿಕೊಡುವ ಪ್ರೋಟೀನು. ಹಾಲು ಒಡೆಯುವುದರಿಂದ ಹಿಡಿದು ಅನ್ನ ಜೀರ್ಣವಾಗುವ ತನಕ ಎಲ್ಲದರಲ್ಲೂ ಇವುಗಳ ಕೈವಾಡವಿದೆ. ಹೃದಯದ ವಿಚಾರದಲ್ಲಿ ಈ ಶಬ್ದವನ್ನು ಎರಡು ಅರ್ಥಗಳಲ್ಲಿ ಬಳಸಲಾಗುತ್ತದೆ. ಗೊಂದಲ ಹುಟ್ಟುವುದೂ ಇಲ್ಲಿಂದಲೇ.

ಎದೆನೋವೆಂದು ಆಸ್ಪತ್ರೆಗೆ ಒಯ್ದಾಗ "ಎಂಜೈಮ್ ಹೆಚ್ಚಾಗಿದೆ" ಎಂದು ವೈದ್ಯರು ಹೇಳುವುದುಂಟು. ಹೃದಯದ ಸ್ನಾಯು ಗಾಯಗೊಂಡಾಗ ಅದರ ಜೀವಕೋಶಗಳೊಳಗಿನ ಸಿಕೆ-ಎಂಬಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಈಗ ಹೆಚ್ಚಾಗಿ ಪರೀಕ್ಷಿಸುವ ಟ್ರೋಪೋನಿನ್ ಕಿಣ್ವವಲ್ಲ, ಅದೂ ಸ್ನಾಯುವಿನ ಪ್ರೋಟೀನು. ಇವು ಹಾನಿಯ ಗುರುತುಗಳು ಮಾತ್ರ. ಮನೆಯೊಳಗೆ ಬೆಂಕಿ ಹತ್ತಿದಾಗ ಹೊರಗೆ ಕಾಣುವ ಹೊಗೆಯಂತೆ. ಹೊಗೆ ಕಡಿಮೆ ಮಾಡಿದರೆ ಬೆಂಕಿ ಆರುವುದಿಲ್ಲ.

ಇನ್ನೊಂದು ಬಗೆಯವು ಕಾಯಿಲೆಯ ಬೇರಿಗೇ ಸಂಬಂಧಪಟ್ಟವು. ಅವುಗಳಲ್ಲಿ ಮುಖ್ಯವಾದವು ಎರಡು. ಪಿತ್ತಜನಕಾಂಗದಲ್ಲಿ ಕೊಲೆಸ್ಟರಾಲ್ ತಯಾರಿಯನ್ನು ಹಿಡಿತದಲ್ಲಿಟ್ಟುಕೊಂಡಿರುವ ಎಚ್‌ಎಂಜಿ-ಕೋಎ ರಿಡಕ್ಟೇಸ್ ಮತ್ತು ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡ ಏರಿಸುವ ವಸ್ತುವನ್ನು ಉಂಟುಮಾಡುವ ಎಸಿಇ. ಅಣಬೆಯ ಮಾತು ಬರುವುದು ಹೆಚ್ಚಾಗಿ ಈ ಎರಡರ ಬಗ್ಗೆ.

ಮೊದಲನೆಯದನ್ನು ಹೋಟೆಲಿನವರಿಗೆ ವಿವರಿಸುವುದು ಕಷ್ಟವಲ್ಲ. ಅಡುಗೆಮನೆಯಲ್ಲಿ ಎಷ್ಟೇ ಕೆಲಸದವರಿರಲಿ, ಗ್ರೈಂಡರ್ ಎಷ್ಟು ರುಬ್ಬುತ್ತದೋ ಅಷ್ಟೇ ದೋಸೆ, ಅಷ್ಟೇ ಇಡ್ಲಿ. ಕೊಲೆಸ್ಟರಾಲ್ ತಯಾರಿಗೆ ಹತ್ತಾರು ಹಂತಗಳಿದ್ದರೂ ಈ ಕಿಣ್ವವೇ ಅಲ್ಲಿಯ ಗ್ರೈಂಡರ್. ಅದನ್ನು ನಿಧಾನಗೊಳಿಸಿದರೆ ಒಳಗಿನ ತಯಾರಿ ಇಳಿಯುತ್ತದೆ. ಆಗ ಪಿತ್ತಜನಕಾಂಗವು ತನಗೆ ಬೇಕಾದುದನ್ನು ರಕ್ತದಿಂದ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಕಡಿಮೆಯಾಗುತ್ತದೆ. ಎಲ್‌ಡಿಎಲನ್ನು ಸೆಳೆದುಕೊಳ್ಳುವ ಈ ವ್ಯವಸ್ಥೆಯನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಅಕ್ಕಿಯ ಬೂಷ್ಟಿನಿಂದ ಬಂದ ಮಾತ್ರೆ

ಈ ಕಿಣ್ವಕ್ಕೆ ತಡೆಯೊಡ್ಡುವ ವಸ್ತುವನ್ನು ಮೊದಲು ಪತ್ತೆಹಚ್ಚಿದವರು ಜಪಾನಿನ ಅಕಿರಾ ಎಂಡೊ. 1933ರಲ್ಲಿ ಅಕಿತಾ ಪ್ರಾಂತ್ಯದ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಬಾಲ್ಯದಿಂದಲೂ ಅಣಬೆಗಳ ಬಗ್ಗೆ ಕುತೂಹಲ. ಅಣಬೆ ಮತ್ತು ಬೂಷ್ಟು ಒಂದೇ ಕುಲದ ಜೀವಿಗಳು. ಎರಡಕ್ಕೂ ಶಿಲೀಂಧ್ರ ಎಂದೇ ಹೆಸರು. 1966ರಿಂದ 1968ರವರೆಗೆ ನ್ಯೂಯಾರ್ಕಿನಲ್ಲಿದ್ದಾಗ ಅಲ್ಲಿ ಹೃದಯಾಘಾತದಿಂದ ಸಾಯುವವರ ಪ್ರಮಾಣ ಕಂಡು ಎಂಡೊ ಕೊಲೆಸ್ಟರಾಲಿನ ಕಡೆಗೆ ಗಮನ ಹರಿಸಿದರು.

ಶಿಲೀಂಧ್ರಗಳು ತಮ್ಮ ವೈರಿಗಳಾದ ಸೂಕ್ಷ್ಮಜೀವಿಗಳನ್ನು ಹಿಮ್ಮೆಟ್ಟಿಸಲು ಹಲವು ರಾಸಾಯನಿಕಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಯಾವುದಾದರೂ ಈ ಕಿಣ್ವವನ್ನು ತಡೆಯುವಂಥದ್ದು ಇರಬಹುದು ಎಂಬುದು ಅವರ ಊಹೆ. ಟೋಕಿಯೊದ ಸಾಂಕ್ಯೊ ಕಂಪೆನಿಯಲ್ಲಿ 1971ರಿಂದ ಎರಡು ವರ್ಷ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ, ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತಿದ್ದ ಪೆನಿಸಿಲಿಯಂ ಸಿಟ್ರಿನಂ ಎಂಬ ನೀಲಿ ಹಸಿರು ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ವಸ್ತು ಸಿಕ್ಕಿತು. ಸ್ಟ್ಯಾಟಿನ್ ಗುಂಪಿನ ಮೊದಲ ಔಷಧ ಅದು.

ಮುಂದೆ ನಡೆದುದನ್ನು ಗಮನಿಸಬೇಕು. ಕಾಂಪ್ಯಾಕ್ಟಿನನ್ನು ಇಲಿಗಳಿಗೆ ಕೊಟ್ಟಾಗ ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಇಲಿಯ ದೇಹ ತಡೆಗೊಂಡ ಕಿಣ್ವವನ್ನೇ ಹೆಚ್ಚು ಹೆಚ್ಚು ತಯಾರಿಸಿಕೊಂಡು ಔಷಧವನ್ನು ಸೋಲಿಸಿತ್ತು. ಕೋಳಿಗಳಲ್ಲಿ ಪರೀಕ್ಷಿಸಿದಾಗ ಇಳಿಯಿತು. ಇಲಿಯ ಫಲಿತಾಂಶವನ್ನೇ ಕೊನೆಯ ಮಾತೆಂದು ನಂಬಿದ್ದರೆ ಸ್ಟ್ಯಾಟಿನ್ ಅಲ್ಲಿಗೇ ಮುಗಿಯುತ್ತಿತ್ತು. ಪ್ರಾಣಿಯಲ್ಲಿ ಆದದ್ದು ಮನುಷ್ಯನಲ್ಲೂ ಹಾಗೆಯೇ ಆಗಬೇಕೆಂದಿಲ್ಲ ಎಂಬ ಈ ಪಾಠ ಇಂದಿನ ಅಣಬೆ ಕ್ಯಾಪ್ಸೂಲುಗಳಿಗೂ ಅನ್ವಯಿಸುತ್ತದೆ.

ಬಳಿಕ ಅಮೆರಿಕದ ಮರ್ಕ್ ಕಂಪೆನಿ ಆಸ್ಪರ್ಜಿಲಸ್ ಟೆರಿಯಸ್ ಎಂಬ ಇನ್ನೊಂದು ಬೂಷ್ಟಿನಿಂದ ಲೊವಾಸ್ಟ್ಯಾಟಿನ್ ಪಡೆಯಿತು. ಅದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಸಿಕ್ಕಿದ್ದು 1987ರಲ್ಲಿ. ಬೂಷ್ಟಿನ ಬಟ್ಟಲಿನಿಂದ ಮಾತ್ರೆಯ ತನಕದ ದಾರಿಗೆ 14 ವರ್ಷ ಹಿಡಿಯಿತು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ ಹೃದ್ರೋಗವಿದ್ದ 4,444 ಮಂದಿಯನ್ನು ಐದು ವರ್ಷಕ್ಕೂ ಮೇಲ್ಪಟ್ಟು ಗಮನಿಸಲಾಗಿತ್ತು. ಲೊವಾಸ್ಟ್ಯಾಟಿನನ್ನೇ ತುಸು ಬದಲಿಸಿ ಮಾಡಿದ ಸಿಮ್ವಾಸ್ಟ್ಯಾಟಿನ್ ಸೇವಿಸಿದವರಲ್ಲಿ ಸಾವಿನ ಅಪಾಯ ಶೇ. 30ರಷ್ಟು ಕಡಿಮೆಯಾಗಿತ್ತು. 2008ರಲ್ಲಿ ಅಮೆರಿಕದ ಪ್ರತಿಷ್ಠಿತ ಲ್ಯಾಸ್ಕರ್ ಪ್ರಶಸ್ತಿ ಪಡೆದ ಎಂಡೊ 2024ರ ಜೂನ್ 5ರಂದು ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು.

ಇಂದು ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಪ್ರಯೋಗಾಲಯದಲ್ಲೇ ಸಿದ್ಧವಾಗುವಂಥವು. ಆದರೂ ಅವು ತಡೆಯುವುದು ಅದೇ ಕಿಣ್ವವನ್ನು, ಬೂಷ್ಟು ತೋರಿಸಿಕೊಟ್ಟ ರೀತಿಯಲ್ಲೇ. ಹೃದ್ರೋಗಿಯ ಮಾತ್ರೆ ಡಬ್ಬಿಯಲ್ಲಿ ಸ್ಟ್ಯಾಟಿನ್ ಇದೆಯೆಂದಾದರೆ ಶಿಲೀಂಧ್ರ ಲೋಕದ ಅತಿ ದೊಡ್ಡ ಉಪಕಾರ ಆಗಲೇ ಮನೆಗೆ ಬಂದಿದೆ ಎಂದರ್ಥ.

ಬೆಂಗಳೂರಿನ ಪಾಲು

ಕನ್ನಡನಾಡಿಗೂ ಈ ಕಥೆಯಲ್ಲಿ ಹೆಮ್ಮೆಪಡುವಂಥ ಪಾತ್ರವಿದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಮೊದಲು ತಯಾರಿಸುತ್ತಿದ್ದುದೇ ಕಿಣ್ವಗಳನ್ನು. ಪಪ್ಪಾಯಿಯಿಂದ ತೆಗೆಯುವ ಪಪೈನ್ ಅದರ ಆರಂಭದ ಸರಕು. ಶಿಲೀಂಧ್ರಗಳನ್ನು ಬೆಳೆಸಿ ಹುದುಗು ಬರಿಸುವ ವಿದ್ಯೆಯಲ್ಲಿ ಪಳಗಿದ ಆ ಸಂಸ್ಥೆ ಮುಂದೆ ಸ್ಟ್ಯಾಟಿನ್ ತಯಾರಿಗೆ ಕೈಹಾಕಿತು. 2001ರಲ್ಲಿ ಲೊವಾಸ್ಟ್ಯಾಟಿನ್ ತಯಾರಿಕೆಗೆ ಅಮೆರಿಕದ ಔಷಧ ಆಡಳಿತದ ಅನುಮತಿ ಪಡೆದ ಮೊದಲ ಭಾರತೀಯ ಕಂಪೆನಿ ಎನಿಸಿತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಾತ್ರ ಇನ್ನೊಂದು ಬಗೆಯದು. ಸ್ಟ್ಯಾಟಿನ್, ಎಸಿಇ ಕಿಣ್ವವನ್ನು ತಡೆಯುವ ರಾಮಿಪ್ರಿಲ್ ಮತ್ತು ರಕ್ತದೊತ್ತಡದ ಇತರ ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೊಡುವ ಪ್ರಯೋಗ ಅಲ್ಲಿನ ವೈದ್ಯರ ಮುಂದಾಳತ್ವದಲ್ಲಿ ದೇಶದ 50 ಕೇಂದ್ರಗಳಲ್ಲಿ 2,053 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾಯಿತು. ಅದರ ಮುಂದುವರಿಕೆಯಾಗಿ ಹಲವು ದೇಶಗಳ 5,713 ಮಂದಿಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂತು. ಆ ಗುಳಿಗೆಯನ್ನು ಆಸ್ಪಿರಿನ್ ಜತೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ. 31ರಷ್ಟು ಕಡಿಮೆಯಾಗಿದ್ದವು. ಕಿಣ್ವವನ್ನು ತಡೆಯುವ ಮದ್ದು ಕೆಲಸ ಮಾಡುತ್ತದೆ ಎಂದು ಹೇಳಲು ಬೇಕಾದ ಸಾಕ್ಷ್ಯ ಎಂದರೆ ಇಂಥದ್ದು.

ಚಿಪ್ಪು ಅಣಬೆಯಲ್ಲಿ ಏನಿದೆ?

ಹಾಗಾದರೆ ತಿನ್ನುವ ಅಣಬೆಯಲ್ಲಿ ಈ ಗುಣ ಇಲ್ಲವೇ ಎಂಬ ಪ್ರಶ್ನೆ ಸಹಜ. ಇದೆ. ಭತ್ತದ ಹುಲ್ಲಿನಲ್ಲಿ ಬೆಳೆಸುವ ಚಿಪ್ಪು ಅಣಬೆಯಲ್ಲಿ ಲೊವಾಸ್ಟ್ಯಾಟಿನ್ ಇರುವುದನ್ನು ಸ್ಲೊವೇನಿಯಾದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿಕೊಟ್ಟರು. ಜತೆಗೆ ಬೀಟಾ ಗ್ಲೂಕಾನ್ ಎಂಬ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದಿಟ್ಟು ಹೊರಹಾಕುತ್ತದೆ. ಹೊಸ ಪಿತ್ತರಸಕ್ಕಾಗಿ ದೇಹ ಕೊಲೆಸ್ಟರಾಲನ್ನು ಖರ್ಚು ಮಾಡಬೇಕಾಗುತ್ತದೆ. ಓಟ್ಸ್ ತಿನ್ನಲು ಹೇಳುವುದೂ ಇದೇ ಕಾರಣಕ್ಕೆ. ಜಪಾನಿನ ಶಿಟಾಕೆ ಅಣಬೆಯಲ್ಲಿರುವ ಎರಿಟಡೆನಿನ್ ಮತ್ತೊಂದು ಕಿಣ್ವವನ್ನು ತಡೆದು ಇಲಿಗಳಲ್ಲಿ ಕೊಲೆಸ್ಟರಾಲ್ ಇಳಿಸುತ್ತದೆ ಎಂಬುದೂ ಹಳೆಯ ಸಂಶೋಧನೆ.

ತೊಡಕಿರುವುದು ಪ್ರಮಾಣದಲ್ಲಿ. ಲೊವಾಸ್ಟ್ಯಾಟಿನ್ ಮಾತ್ರೆ 10, 20, 40 ಮಿಲಿಗ್ರಾಂ ಎಂದು ನಿಖರವಾಗಿ ಅಳೆದು ಬರುತ್ತದೆ. ಹಸಿ ಅಣಬೆಯಲ್ಲಿ ಸುಮಾರು ಶೇ. 90 ನೀರು. ಉಳಿದ ಭಾಗದಲ್ಲಿ ಲೊವಾಸ್ಟ್ಯಾಟಿನ್ ಎಷ್ಟಿದೆ ಎಂಬುದು ತಳಿ, ಬೆಳೆಸಿದ ಹುಲ್ಲು, ಕೊಯ್ದ ಹೊತ್ತು, ಅಣಬೆಯ ಯಾವ ಭಾಗ ಎಂಬುದರ ಮೇಲೆ ಬಹಳವಾಗಿ ಬದಲಾಗುತ್ತದೆ. ಒಂದು ಪೊಟ್ಟಣದಲ್ಲಿದ್ದಷ್ಟು ಇನ್ನೊಂದರಲ್ಲಿ ಇರಬೇಕೆಂದಿಲ್ಲ.

ಮನುಷ್ಯರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು. ಢಾಕಾದ ಆಸ್ಪತ್ರೆಯೊಂದರಲ್ಲಿ 89 ಮಧುಮೇಹಿಗಳಿಗೆ ಚಿಪ್ಪು ಅಣಬೆ ತಿನ್ನಿಸಿ ನೋಡಿದಾಗ ರಕ್ತದ ಸಕ್ಕರೆ, ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಇಳಿದದ್ದು 2007ರಲ್ಲಿ ವರದಿಯಾಯಿತು. ಆದರೆ ಆ ಅಧ್ಯಯನದ ಅವಧಿ ಕೇವಲ 24 ದಿನ. ಇಂಥ 8 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ವಿಮರ್ಶೆ, ಫಲಿತಾಂಶಗಳು ಆಶಾದಾಯಕವಾಗಿದ್ದರೂ ಪ್ರಯೋಗಗಳ ಗುಣಮಟ್ಟ ಸಾಲದು ಎಂದಿತು. ಚಿಪ್ಪು ಅಣಬೆ ಒಳ್ಳೆಯ ಆಹಾರ ಎನ್ನಲು ಇಷ್ಟು ಸಾಕು. ಅದನ್ನು ಔಷಧ ಎನ್ನಲು ಸಾಲದು.

ಊರಿನ ತೋಟದ ರೋಗ, ಪೇಟೆಯ ಮದ್ದು

ಕ್ಯಾಪ್ಸೂಲ್ ಡಬ್ಬಿಗಳಲ್ಲಿ ಹೆಚ್ಚಾಗಿ ತುಂಬಿರುವುದು ಚಿಪ್ಪು ಅಣಬೆಯಲ್ಲ, ಗಾನೋಡರ್ಮಾ. ಚೀನಾದಲ್ಲಿ ಲಿಂಗ್‌ಝಿ, ಜಪಾನಿನಲ್ಲಿ ರೀಷಿ ಎಂದು ಕರೆಯುವ ಇದು ಮರದಂತೆ ಗಟ್ಟಿ, ಮೇಲ್ಮೈ ಮೆರುಗು ಹಚ್ಚಿದಂತೆ ಹೊಳೆಯುತ್ತದೆ, ರುಚಿ ಕಹಿ. ಅಲ್ಲಿ ಶತಮಾನಗಳಿಂದ ಔಷಧವಾಗಿ ಬಳಕೆಯಲ್ಲಿದೆ.

ಕರಾವಳಿ ಮತ್ತು ಮಲೆನಾಡಿನಿಂದ ಮುಂಬಯಿಗೆ ಬಂದವರಿಗೆ ಈ ಕುಲದ ಪರಿಚಯ ಬೇರೆಯೇ ರೀತಿಯಲ್ಲಿದೆ. ಅಡಿಕೆ ತೋಟದಲ್ಲಿ ಮರದ ಬುಡ ಕೊಳೆತು, ಸೋಗೆ ಹಳದಿಯಾಗಿ ಜೋತುಬಿದ್ದು, ಕೊನೆಗೆ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ ಏಳುವುದನ್ನು ಊರಲ್ಲಿ ಕಂಡವರಿದ್ದಾರೆ. ಕೃಷಿಕರು ಅಣಬೆ ರೋಗ ಎನ್ನುವುದು ಇದನ್ನೇ. ಅದಕ್ಕೆ ಕಾರಣ ಗಾನೋಡರ್ಮಾ. ಅಜ್ಜ ಅಗೆದು ಸುಟ್ಟುಹಾಕಿದ ಅಣಬೆಯ ಕುಲದ್ದನ್ನೇ ಮೊಮ್ಮಗ ಡಬ್ಬಿಯಲ್ಲಿ ಹಣ ತೆತ್ತು ತರುತ್ತಿದ್ದಾನೆ. ಹಾಗೆಂದು ಗಾನೋಡರ್ಮಾದಲ್ಲಿ ಔಷಧ ಗುಣವೇ ಇಲ್ಲ ಎನ್ನುವಂತಿಲ್ಲ.

ನೆರೆಯ ಕೇರಳದ ತ್ರಿಶ್ಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಕೆ.ಕೆ. ಜನಾರ್ದನನ್ ಮತ್ತವರ ಸಹೋದ್ಯೋಗಿಗಳು ಗಾನೋಡರ್ಮಾದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹೃದಯದ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ಎಂಬ ಭಾಗಗಳಿವೆ. ಅಲ್ಲಿನ ಕಿಣ್ವಗಳು ವಯಸ್ಸಾದಂತೆ ಮಂದವಾಗುತ್ತವೆ. ಮುದಿ ಇಲಿಗಳಿಗೆ ಗಾನೋಡರ್ಮಾದ ಸಾರ ಕೊಟ್ಟಾಗ ಈ ಕಿಣ್ವಗಳು ಚುರುಕಾದದ್ದನ್ನು 2009ರಲ್ಲೂ, ಔಷಧ ಕೊಟ್ಟು ಹೃದಯಕ್ಕೆ ಹಾನಿ ಮಾಡಿದ ಇಲಿಗಳಲ್ಲಿ ಹಾನಿ ಕಡಿಮೆಯಾದದ್ದನ್ನು 2013ರಲ್ಲೂ ಅವರ ತಂಡ ಪ್ರಕಟಿಸಿತು. ಇದು ಪ್ರಾಮಾಣಿಕ ವಿಜ್ಞಾನ. ಆದರೆ ಇಲಿಯ ವಿಜ್ಞಾನ.

ಮನುಷ್ಯರಲ್ಲಿ ಪರೀಕ್ಷಿಸಿದಾಗ ಚಿತ್ರ ಬೇರೆಯಾಯಿತು. ವೈದ್ಯಕೀಯ ಪ್ರಯೋಗಗಳನ್ನು ನಿಷ್ಪಕ್ಷವಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಗಾನೋಡರ್ಮಾ ಕುರಿತ 5 ಪ್ರಯೋಗಗಳನ್ನು, ಒಟ್ಟು 398 ಮಂದಿಯ ಮಾಹಿತಿಯನ್ನು ಪರಿಶೀಲಿಸಿತು. ಮಧುಮೇಹಿಗಳಲ್ಲಿ ಹೃದ್ರೋಗದ ಅಪಾಯ ತಗ್ಗಿಸಲು ಇದನ್ನು ಬಳಸುವುದಕ್ಕೆ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಆಸ್ಟ್ರೇಲಿಯಾದಲ್ಲಿ 84 ಮಂದಿಗೆ 16 ವಾರ ಕೊಟ್ಟು ನೋಡಿದ ಪ್ರಯೋಗವೂ 2016ರಲ್ಲಿ ಅದನ್ನೇ ಹೇಳಿತು.

ರಕ್ತದೊತ್ತಡದ ಕಿಣ್ವ

ಎಸಿಇ ಕಿಣ್ವದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಈ ಕಿಣ್ವ ತಯಾರಿಸುವ ಆಂಜಿಯೊಟೆನ್ಸಿನ್-2 ಎಂಬ ವಸ್ತು ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಗಿನ ಒತ್ತಡ ಏರುವಂತೆ ರಕ್ತದೊತ್ತಡ ಏರುತ್ತದೆ. ಇದನ್ನು ತಡೆಯುವ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ 1981ರಲ್ಲಿ ಬಳಕೆಗೆ ಬಂತು. ಅದರ ಸುಳಿವು ಸಿಕ್ಕಿದ್ದು ಬ್ರೆಜಿಲಿನ ಮಂಡಲ ಜಾತಿಯ ಹಾವೊಂದರ ವಿಷದಲ್ಲಿ. ಹಾವಿನ ವಿಷದಿಂದ ಮದ್ದು ಬಂತೆಂದು ಯಾರೂ ಹಾವು ಕಚ್ಚಿಸಿಕೊಳ್ಳಲು ಹೋಗಲಿಲ್ಲ. ವಿಜ್ಞಾನಿಗಳು ಅದರಿಂದ ಕಲಿತು, ಅಳತೆಗೆ ತಕ್ಕ ಮಾತ್ರೆ ಮಾಡಿದರು.

ಅಣಬೆಗಳಲ್ಲೂ ಎಸಿಇಯನ್ನು ತಡೆಯುವ ಸಣ್ಣ ಪ್ರೋಟೀನ್ ತುಣುಕುಗಳಿವೆ ಎಂದು ಜಪಾನ್, ಕೊರಿಯಾ, ಮಲೇಷ್ಯಾಗಳ ಪ್ರಯೋಗಾಲಯಗಳು ತೋರಿಸಿವೆ. ಮುಂಬಯಿ ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಬಟನ್ ಅಣಬೆಯಲ್ಲೂ ಅವು ಪತ್ತೆಯಾಗಿವೆ. ಗಾನೋಡರ್ಮಾದ ಕಹಿಗೆ ಕಾರಣವಾದ ಟ್ರೈಟರ್ಪೀನುಗಳಿಗೂ ಈ ಗುಣವಿದೆ. ಆದರೆ ಗಾಜಿನ ನಳಿಕೆಯಲ್ಲಿ ಕಿಣ್ವ ತಡೆಯುವುದು ಒಂದು, ಹೊಟ್ಟೆಯ ಆಮ್ಲ ಮತ್ತು ಕರುಳನ್ನು ದಾಟಿ ರಕ್ತ ಸೇರಿ ಅಲ್ಲಿ ಕೆಲಸ ಮಾಡುವುದು ಇನ್ನೊಂದು. ಪ್ರೋಟೀನ್ ತುಣುಕುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಜೀರ್ಣವಾಗಿಬಿಡುತ್ತವೆ.

ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯವಲ್ಲ

ಮದ್ದಿನಂತೆ ಕೆಲಸ ಮಾಡುವ ವಸ್ತುವಿಗೆ ಮದ್ದಿನಂತೆಯೇ ಅಡ್ಡ ಪರಿಣಾಮವೂ ಇರುತ್ತದೆ. ಚೀನಾ, ಜಪಾನುಗಳಲ್ಲಿ ಮೊನಾಸ್ಕಸ್ ಎಂಬ ಶಿಲೀಂಧ್ರವನ್ನು ಅಕ್ಕಿಯ ಮೇಲೆ ಬೆಳೆಸಿ ಕೆಂಪು ಅಕ್ಕಿ ತಯಾರಿಸುತ್ತಾರೆ; ನಮ್ಮ ಊರಿನ ಕುಚ್ಚಲಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ಮೊನಾಕೋಲಿನ್-ಕೆ ಎಂಬ ವಸ್ತು ಇರುವುದನ್ನು 1979ರಲ್ಲಿ ತೋರಿಸಿದವರೂ ಎಂಡೊ ಅವರೇ. ಅದು ಲೊವಾಸ್ಟ್ಯಾಟಿನ್ನೇ, ಹೆಸರು ಮಾತ್ರ ಬೇರೆ. ಕೊಲೆಸ್ಟರಾಲ್ ಇಳಿಸುವ ನೈಸರ್ಗಿಕ ಪೂರಕವೆಂದು ಇದರ ಮಾತ್ರೆಗಳು ಹಲವು ದೇಶಗಳಲ್ಲಿ ಮಾರಾಟವಾಗುತ್ತವೆ.

2024ರ ಮಾರ್ಚಿನಲ್ಲಿ ಜಪಾನಿನ ಕಂಪೆನಿಯೊಂದು ತನ್ನ ಕೆಂಪು ಅಕ್ಕಿ ಮಾತ್ರೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಸೇವಿಸಿದ ಹಲವರ ಮೂತ್ರಪಿಂಡಗಳಿಗೆ ಹಾನಿಯಾಗಿ, ನೂರಾರು ಮಂದಿ ಆಸ್ಪತ್ರೆ ಸೇರಿದ್ದರು. ತಯಾರಿಕೆಯ ವೇಳೆ ಬೇರೊಂದು ಬೂಷ್ಟು ಸೇರಿಕೊಂಡು ಪ್ಯುಬೆರುಲಿಕ್ ಆಮ್ಲ ಎಂಬ ವಿಷ ಉತ್ಪತ್ತಿಯಾದದ್ದು ಸರಕಾರಿ ತನಿಖೆಯಲ್ಲಿ ಕಂಡುಬಂತು. ಆ ಬೂಷ್ಟು ಪೆನಿಸಿಲಿಯಂ ಕುಲದ್ದೇ. ಮೊದಲ ಸ್ಟ್ಯಾಟಿನ್ ಕೊಟ್ಟ ಕುಲವೇ ವಿಷವನ್ನೂ ಕೊಟ್ಟಿತು.

ಗಾನೋಡರ್ಮಾ ರಕ್ತ ಹೆಪ್ಪುಗಟ್ಟುವುದನ್ನು ತುಸು ನಿಧಾನಗೊಳಿಸಬಹುದಾದ ಕಾರಣ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಸೇವಿಸುವವರು, ಅಂದರೆ ಸ್ಟೆಂಟ್ ಹಾಕಿಸಿಕೊಂಡವರು ಮತ್ತು ಕವಾಟದ ಶಸ್ತ್ರಚಿಕಿತ್ಸೆಯಾದವರು, ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ಇಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು. ಶುಗರ್ ಮತ್ತು ಬಿ.ಪಿ. ಮಾತ್ರೆಗಳ ಜತೆ ಸೇರಿದಾಗ ಎರಡೂ ಅತಿಯಾಗಿ ಇಳಿಯುವ ಸಂಭವವೂ ಇದೆ.

ಆದರೆ ಅತಿ ದೊಡ್ಡ ಅಪಾಯ ಕ್ಯಾಪ್ಸೂಲಿನೊಳಗೆ ಇರುವುದಲ್ಲ. ಅದನ್ನು ನಂಬಿ ಸ್ಟ್ಯಾಟಿನ್, ಆಸ್ಪಿರಿನ್ ಮಾತ್ರೆಗಳನ್ನು ನಿಲ್ಲಿಸಿಬಿಡುವುದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗಬಹುದು. ಕೊಲೆಸ್ಟರಾಲ್ ಏರಿದರೆ ನೋವು ಇರುವುದಿಲ್ಲ, ಬಿ.ಪಿ. ಏರಿದರೂ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮಾತ್ರೆ ಬಿಟ್ಟ ಮೇಲೂ ಆರಾಮವಾಗಿದ್ದೇವೆ ಎಂಬ ಭ್ರಮೆ ಉಳಿಯುತ್ತದೆ. ಆ ಆರಾಮದ ಕೀರ್ತಿ ಕ್ಯಾಪ್ಸೂಲಿಗೆ ಸಲ್ಲುತ್ತದೆ.

ನಮ್ಮವರಲ್ಲಿ ಈ ಎಚ್ಚರ ಹೆಚ್ಚೇ ಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಮಾಹಿತಿಯ ಪ್ರಕಾರ ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ನಡು ವಯಸ್ಸು 53. ಉಳಿದ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲು. ಮಕ್ಕಳ ಓದು ಮುಗಿಯದ, ಮನೆಯ ಸಾಲ ತೀರದ ವಯಸ್ಸು ಅದು.

ಕಾನೂನು ಏನನ್ನುತ್ತದೆ?

ಆಹಾರ ಪೂರಕವೆಂದು ಮಾರುವ ಡಬ್ಬಿಗಳ ಮೇಲೆ ಅವು ಔಷಧವಾಗಿ ಬಳಸಲು ಅಲ್ಲ ಎಂದು ಮುದ್ರಿಸಬೇಕೆಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ. ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದರೆ ಆ ಮಾತು ಸಿಗುತ್ತದೆ. ಮಾರುವವರ ಬಾಯಲ್ಲಿ ಅದು ಬರುವುದಿಲ್ಲ. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸುತ್ತದೆ. ಮನೆಮನೆಗೆ ತಲುಪಿಸಿ ಮಾರುವ ನೇರ ಮಾರಾಟ ಕಂಪೆನಿಗಳಿಗೆ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಸದಸ್ಯರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಯೋಜನೆಗೆ ಅದರಲ್ಲಿ ಅವಕಾಶವಿಲ್ಲ. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಮಾರುವವರೆಲ್ಲ ಮೋಸಗಾರರೆಂದು ಭಾವಿಸಬೇಕಾಗಿಲ್ಲ. ಅವರಲ್ಲಿ ಅನೇಕರು ತಾವೇ ನಂಬಿ, ತಮ್ಮ ಮನೆಯವರಿಗೂ ಕೊಟ್ಟು, ನಾಲ್ಕು ಕಾಸು ಸಿಗಲಿ ಎಂದು ಹೊರಟವರು. ಅವರ ಜತೆ ಜಗಳ ಬೇಡ. "ಡಾಕ್ಟರರನ್ನು ಒಂದು ಮಾತು ಕೇಳಿ ಹೇಳುತ್ತೇನೆ" ಎಂದರೆ ಸಂಬಂಧವೂ ಉಳಿಯುತ್ತದೆ, ಹೃದಯವೂ.

ಬಾಣಲೆಯ ಅಣಬೆಗೆ ಅಡ್ಡಿಯಿಲ್ಲ

ಅಣಬೆಯನ್ನು ಆಹಾರವಾಗಿ ತಿನ್ನಲು ಯಾವ ಹೆದರಿಕೆಯೂ ಬೇಡ. 100 ಗ್ರಾಂ ಹಸಿ ಬಟನ್ ಅಣಬೆಯಲ್ಲಿ ಸುಮಾರು 3 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ಅತ್ಯಲ್ಪ, ಕೊಲೆಸ್ಟರಾಲ್ ಇಲ್ಲ, ಉಪ್ಪಿನಂಶವೂ ನಗಣ್ಯ. ವಾರದಲ್ಲಿ ಎರಡು ಮೂರು ದಿನ ಮಾಂಸದ ಬದಲಿಗೆ ಅಣಬೆ ಸುಕ್ಕ, ಗಸಿ ಮಾಡಿದರೆ ಹೃದಯಕ್ಕೆ ಲಾಭವೇ. ಆದರೆ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಸೋಯಾ ಸಾಸ್ ಸುರಿದ ಮಶ್ರೂಮ್ ಚಿಲ್ಲಿಯಿಂದ ಆ ಲಾಭವನ್ನು ನಿರೀಕ್ಷಿಸಬಾರದು.

ಮಳೆಗಾಲದಲ್ಲಿ ಗುಡ್ಡ, ಕಾಡುಗಳಿಂದ ತಂದ ಅಣಬೆಗಳ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಊರಿನಲ್ಲಿ ಗುರುತು ಹಿಡಿಯಬಲ್ಲವರು ಮನೆಯಲ್ಲಿದ್ದರು. ಇಲ್ಲಿ ಸಹ್ಯಾದ್ರಿಯ ಈಚೆಗೆ ಬೆಳೆಯುವ ಅಣಬೆ ನೋಡಲು ಅಮ್ಮ ಪಲ್ಯ ಮಾಡುತ್ತಿದ್ದ ಅಣಬೆಯಂತೆಯೇ ಕಂಡರೂ ವಿಷದ್ದಿರಬಹುದು. ಕೆಲವು ವಿಷದ ಅಣಬೆಗಳು ಪಿತ್ತಜನಕಾಂಗವನ್ನೇ ಹಾಳುಗೆಡಹುತ್ತವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಸಂಘ-ಸಂಸ್ಥೆಗಳಿಗೊಂದು ಕೆಲಸ

ಮುಂಬಯಿಯ ಕನ್ನಡ, ತುಳು ಸಂಘಟನೆಗಳು ಆಗಾಗ ಏರ್ಪಡಿಸುವ ವೈದ್ಯಕೀಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ತಪಾಸಣೆ ಇದ್ದೇ ಇರುತ್ತದೆ. ಅದರ ಜತೆಗೆ ಇನ್ನೊಂದು ಮೇಜು ಇಟ್ಟರೆ ದೊಡ್ಡ ಉಪಕಾರವಾದೀತು. ಮನೆಯಲ್ಲಿರುವ ಎಲ್ಲ ಮಾತ್ರೆ, ಕ್ಯಾಪ್ಸೂಲ್, ಚೂರ್ಣಗಳನ್ನು ಚೀಲದಲ್ಲಿ ತಂದು ಒಬ್ಬ ವೈದ್ಯರ ಮುಂದೆ ಸುರಿಯುವಂತಿರಬೇಕು. ಯಾವುದರ ಜತೆ ಯಾವುದು ಕೂಡದು, ಯಾವುದನ್ನು ಬಿಟ್ಟಿದ್ದಾರೆ, ಎಷ್ಟು ಹಣ ವ್ಯರ್ಥವಾಗುತ್ತಿದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಮಾತ್ರೆಯ ಬೆಲೆ ಭಾರವೆನಿಸಿ ನಿಲ್ಲಿಸುವವರೂ ಇದ್ದಾರೆ. ಅಟೊರ್ವಾಸ್ಟ್ಯಾಟಿನ್ ಕೇಂದ್ರ ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದು ಅದರ ಬೆಲೆಗೆ ಮಿತಿಯಿದೆ. ಜನೌಷಧಿ ಅಂಗಡಿಗಳಲ್ಲಿ ಇನ್ನೂ ಅಗ್ಗವಾಗಿ ಸಿಗುತ್ತದೆ. ಪರೇಲಿನ ಕೆಇಎಂ, ಸಾಯನ್, ನಾಯರ್, ಜುಹೂವಿನ ಕೂಪರ್‌ನಂಥ ಮಹಾನಗರ ಪಾಲಿಕೆಯ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ತೋರಿಸಿಕೊಳ್ಳಬಹುದು. ಸ್ಟ್ಯಾಟಿನ್‌ನಿಂದ ಮೈಕೈ ನೋವು ಬಂದರೆ ಪ್ರಮಾಣ ಬದಲಿಸುವ, ಬೇರೆ ಸ್ಟ್ಯಾಟಿನ್ ಕೊಡುವ ದಾರಿಗಳಿವೆ. ಅದನ್ನು ವೈದ್ಯರಿಗೆ ಹೇಳಬೇಕೇ ಹೊರತು ತಾವಾಗಿ ಬಿಡಬಾರದು. ಎದೆ ಹಿಂಡಿದಂತಾಗಿ ನೋವು ಎಡತೋಳಿಗೆ, ದವಡೆಗೆ ಹರಡಿದರೆ ಗ್ಯಾಸ್ ಇರಬಹುದೆಂದು ಕಾಯದೆ 108ಕ್ಕೆ ಕರೆಮಾಡಬೇಕು.

ಮುಂದೊಂದು ದಿನ ಅಣಬೆಯಿಂದ ಹೃದಯಕ್ಕೆ ಮತ್ತೊಂದು ಒಳ್ಳೆಯ ಮದ್ದು ಬರಬಹುದು. ಹಾಗೆ ಬಂದಾಗ ಅದು ಸಾವಿರಾರು ಮಂದಿಯಲ್ಲಿ ಪರೀಕ್ಷೆಗೊಳಗಾಗಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯಲ್ಪಟ್ಟು, ವೈದ್ಯರ ಚೀಟಿಯ ಮೂಲಕವೇ ಬರುತ್ತದೆ, ಮೊದಲನೆಯದು ಬಂದಂತೆ. ಅಲ್ಲಿಯ ತನಕ ಅಣಬೆ ಊಟದ ತಟ್ಟೆಯಲ್ಲಿರಲಿ, ಮಾತ್ರೆ ಅದರ ಹೊತ್ತಿಗೆ ತಪ್ಪದೆ ಹೊಟ್ಟೆ ಸೇರಲಿ.